ನೀಲಿಯಾಗದ ಉಪ್ಪು

ಶಾಲೆಗೆ ಐವತ್ತು ವರ್ಷ ತುಂಬಿತಂತೆ, ಸ್ಮರಣ ಸಂಚಿಕೆ ತರುತ್ತಾರಂತೆ. ಸಮಿತಿಯವರಿಬ್ಬರು ಹೊಸದುರ್ಗದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ನನ್ನ ಹಳೆಯ ಶಿಷ್ಯರೇ. "ಸಾರ್, ಶನಿವಾರ ಶನಿವಾರ ಮೂಲವಸ್ತುಗಳ ಕಥೆ ಹೇಳ್ತಿದ್ರಲ್ಲ, ಅವನ್ನೇ ನಾಲ್ಕು ಪುಟ ಬರ್ಕೊಡ್ರಿ. ಓದೋರಿಗೆ ಮಜ ಬರ್ಬೇಕು" ಅಂದರು. ನಾನು ಉಬ್ಬಿ ಹೋದೆ. ರಿಟೈರಾಗಿ ಮನೆಯಲ್ಲಿ ಕೂತ ಮೇಷ್ಟ್ರಿಗೆ ಇನ್ನೇನು ಬೇಕು?

ಅವತ್ತೇ ಬರೆಯಲು ಕೂತೆ. ರಂಜಕ ಮುಗಿಯಿತು, ಅಲ್ಯೂಮಿನಿಯಂ ಮುಗಿಯಿತು, ಹೀಲಿಯಂ ಮುಗಿಯಿತು. ಅಯೋಡಿನ್ ಎಂದು ಬರೆದು ಅಡಿಗೆರೆ ಎಳೆದವನಿಗೆ ಮುಂದಕ್ಕೆ ಒಂದಕ್ಷರ ಬರೆಯಲಾಗಲಿಲ್ಲ. ಅಯೋಡಿನ್ ಬಗ್ಗೆ ನನಗೆ ಗೊತ್ತಿಲ್ಲದ್ದೇನಿದೆ? ಆದರೆ ಆ ಹೆಸರು ಬಂದ ಕೂಡಲೇ ಬೊಮ್ಮಕ್ಕ ಕಣ್ಣ ಮುಂದೆ ನಿಲ್ಲುತ್ತಾಳೆ. ಒಂಬತ್ತು ವರ್ಷದಿಂದ ಅವಳ ನೆನಪು ಬಂದಾಗಲೆಲ್ಲ ನಾನು ಎದ್ದು ಗಿಡಕ್ಕೆ ನೀರು ಹಾಕಿದ್ದೇನೆ, ಪೇಪರು ಮಡಿಸಿದ್ದೇನೆ, ಹೆಂಡತಿಯ ಮೇಲೆ ಸುಮ್ಮನೆ ರೇಗಿದ್ದೇನೆ. ಮೂರು ದಿನ ಹಾಗೇ ಕಳೆದು, ನಾಲ್ಕನೇ ದಿನ ಬಸ್ಸು ಹತ್ತಿದೆ. ಹೋಗಿ ಬಂದ ಮೇಲೆ ಬರೆದದ್ದು ಇದು. ನೀವು ಕೇಳಿದ್ದು ಇದಲ್ಲ. ಹಾಕುವುದಾದರೆ ಹಾಕಿ, ಇಲ್ಲವಾದರೆ ಹರಿದು ಎಸೆಯಿರಿ.

ನಾನು ಪ್ರಭುಲಿಂಗ. ತಾಳ್ಯದಿಂದ ಮೂರು ಮೈಲಿ ಒಳಗಿರುವ ನಿಮ್ಮೂರಿನ ಶಾಲೆಯಲ್ಲಿ ಹನ್ನೊಂದು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ಊರಿನ ಹೆಸರು ನಿಮಗೆ ಗೊತ್ತು, ಹೊರಗಿನವರಿಗೆ ಬೇಡ. ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡು ನನ್ನದು. ಪಾಠಪುಸ್ತಕ ಮುಚ್ಚಿಸಿ ಒಂದೊಂದು ವಾರ ಒಂದೊಂದು ಮೂಲವಸ್ತುವಿನ ಕಥೆ ಹೇಳುತ್ತಿದ್ದೆ. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೆ ಚೆನ್ನಾಗಿ ಗೊತ್ತು ಎಂಬ ಜಂಭವೂ ಇತ್ತು.

ಒಂದು ಶನಿವಾರ ಉಪ್ಪಿನ ಸರದಿ. "ನೀವು ದಿನಾ ತಿನ್ನೋ ಉಪ್ಪು ಯಾವುದರಿಂದ ಆಗಿದೆ ಗೊತ್ತೇನ್ರೋ? ಸೋಡಿಯಂ ಅಂತ ಒಂದು ಲೋಹ. ನೀರಿಗೆ ಬಿದ್ದರೆ ಭಗ್ ಅಂತ ಉರಿಯುತ್ತೆ. ಕ್ಲೋರಿನ್ ಅಂತ ಒಂದು ಅನಿಲ. ಯುದ್ಧದಲ್ಲಿ ಅದನ್ನ ಬಿಟ್ಟು ಸೈನಿಕರನ್ನ ಕೊಂದರು. ಆ ಬೆಂಕಿ, ಈ ವಿಷ, ಎರಡೂ ಸೇರಿದರೆ ನಿಮ್ಮ ತಟ್ಟೆಯ ಉಪ್ಪು!" ಅಷ್ಟು ಹೇಳುವಾಗ ಗಂಟೆ ಹೊಡೆಯಿತು. ಮಿಕ್ಕದ್ದು ಮುಂದಿನ ವಾರ ಎಂದು ಕಳಿಸಿದೆ.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ಕೋಲು. ಕುರಿಹಟ್ಟಿಯ ಬೊಮ್ಮಕ್ಕ. ಏಳನೇ ತರಗತಿಯ ಚೈತ್ರಾಳ ಅಜ್ಜಿ. ಮಗಳು ಅಳಿಯ ಹಿರಿಯೂರಿನ ಕಡೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿದ್ದರಿಂದ ಮಗು ಇವಳ ಹತ್ತಿರವೇ ಬೆಳೆಯುತ್ತಿತ್ತು.

"ಏನ್ರಿ ಮೇಷ್ಟ್ರೆ, ಉಪ್ಪಲ್ಲಿ ಬೆಂಕಿ ಐತೆ, ವಿಷ ಐತೆ ಅಂದ್ರಂತೆ? ಎಲ್ಡು ದಿನದಿಂದ ಕೂಸು ಸಪ್ಪೆ ಸಾರಲ್ಲಿ ಮುದ್ದೆ ತಿಂತೈತೆ. ನಾನು ಇಷ್ಟು ವರ್ಷ ತಿಂದೆ, ಉರ್ದು ಹೋದ್ನಾ?"

ಮಕ್ಕಳು ಗೊಳ್ಳೆಂದು ನಕ್ಕರು. ನಾನು ಸಾವರಿಸಿಕೊಂಡು, ಎರಡು ಸೇರಿದಾಗ ಎರಡೂ ತಮ್ಮ ಗುಣ ಬಿಟ್ಟು ಹೊಸದೊಂದು ವಸ್ತುವಾಗುತ್ತವೆ ಎಂದು ವಿವರಿಸಿದೆ. ಬೊಮ್ಮಕ್ಕ ಕೋಲಿನ ಮೇಲೆ ಗದ್ದ ಊರಿ ಪೂರ್ತಿ ಕೇಳಿದಳು.

"ಹಂಗಂದ್ರೆ ಎಲ್ಡು ಕೆಟ್ಟವು ಕೂಡ್ಕಂಡು ಒಂದು ಒಳ್ಳೇದಾತು. ನಾನೂ ನನ್ನ ಗಂಡನೂ ಸಂಸಾರ ಮಾಡ್ದಂಗೆ ಅನ್ರಿ" ಅಂದಳು. "ಇದನ್ನ ಶನಿವಾರನೇ ಹೇಳಿ ಕಳಿಸೋಕೆ ನಿಮಗೇನಾಗಿತ್ತು?"

ಅಂದಿನಿಂದ ಪ್ರತಿ ಶನಿವಾರ ಅವಳು ಕಿಟಕಿಯ ಕೆಳಗೆ ಕಂಬಳಿ ಹಾಸಿಕೊಂಡು ಕೂರತೊಡಗಿದಳು. ಕೈಯಲ್ಲಿ ಕದಿರು ತಿರುಗುತ್ತಲೇ ಇರುತ್ತಿತ್ತು, ಕರಿ ಉಣ್ಣೆಯ ನೂಲು ಇಳಿಯುತ್ತಲೇ ಇರುತ್ತಿತ್ತು. ಗಂಡ ತಿಮ್ಮರಾಯಪ್ಪ ಕುರಿಮಂದೆಯ ಹಿಂದೆ ವರ್ಷಕ್ಕೆ ಎಂಟು ತಿಂಗಳು ಊರು ಬಿಟ್ಟಿರುತ್ತಿದ್ದ. ಮರಿಗಳು, ಕುಂಟುವ ಕುರಿಗಳು, ಮನೆ, ಮೊಮ್ಮಗಳು ಎಲ್ಲ ಇವಳ ಪಾಲು. ಇಷ್ಟೆಲ್ಲ ಕೆಲಸದ ನಡುವೆ ಅವಳು ಬರುತ್ತಿದ್ದದ್ದು ನನ್ನ ಪಾಠಕ್ಕೆ. ನನ್ನ ಸರ್ವಿಸ್ಸಿನಲ್ಲಿ ಅಂಥ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ.

ರಂಜಕವನ್ನು ಮೊದಲು ಕಂಡವನು ಜರ್ಮನಿಯ ಒಬ್ಬ ರಸವಾದಿ, ಚಿನ್ನ ಮಾಡುತ್ತೇನೆಂದು ಹೊರಟು ರಾಶಿ ರಾಶಿ ಮೂತ್ರ ಕಾಯಿಸಿದ, ಕೊನೆಗೆ ಕತ್ತಲಲ್ಲಿ ಹೊಳೆಯುವ ಮೇಣದಂಥದ್ದು ಸಿಕ್ಕಿತು ಎಂದೆ. "ಥೂ, ನಮ್ ಹಟ್ಟಿಗೆ ಬಂದಿದ್ರೆ ಪುಕ್ಸಟ್ಟೆ ಸಿಗೋದು" ಎಂದಿತು ಕಿಟಕಿ. ಅಲ್ಯೂಮಿನಿಯಂ ಒಂದು ಕಾಲಕ್ಕೆ ಚಿನ್ನಕ್ಕಿಂತ ದುಬಾರಿಯಾಗಿತ್ತು, ಫ್ರಾನ್ಸಿನ ದೊರೆ ತನ್ನ ದೊಡ್ಡ ಅತಿಥಿಗಳಿಗೆ ಮಾತ್ರ ಅದರ ತಟ್ಟೆಯಲ್ಲಿ ಬಡಿಸುತ್ತಿದ್ದನಂತೆ ಎಂದೆ. "ಹಂಗಾದ್ರೆ ನಮ್ಮನೇಲೂ ಐದು ಅವೆ ಬಿಡ್ರಿ ದೊರೆ ತಟ್ಟೆ." ಹೀಲಿಯಂ ಭೂಮಿಯ ಮೇಲೆ ಸಿಗುವ ಮೊದಲೇ ಸೂರ್ಯನಲ್ಲಿ ಕಾಣಿಸಿತು, ಗುಂಟೂರಿಗೆ ಗ್ರಹಣ ನೋಡಲು ಬಂದಿದ್ದ ವಿಜ್ಞಾನಿಗೆ ಬೆಳಕಿನಲ್ಲಿ ಒಂದು ಹಳದಿ ಗೆರೆ ಕಂಡಿತು ಎಂದಾಗ ಮಾತ್ರ ಕಿಟಕಿ ಸುಮ್ಮನಿತ್ತು. ಬಗ್ಗಿ ನೋಡಿದರೆ ಬೊಮ್ಮಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನ ಕಡೆ ನೋಡುತ್ತಿದ್ದಳು.

ಉಪ್ಪಿನ ವಿಷಯದಲ್ಲಿ ಮಾತ್ರ ಅವಳೇ ನನಗೆ ಗುರು. ಹಟ್ಟಿಯ ಹಿಂದೆ ಸಾಲಾಗಿ ಏಳೆಂಟು ಚಪ್ಪಡಿ ಕಲ್ಲುಗಳಿದ್ದವು. ವಾರಕ್ಕೊಮ್ಮೆ ಅವುಗಳ ಮೇಲೆ ಹರಳುಪ್ಪು ಚೆಲ್ಲುವಳು. ಕುರಿಗಳು ತಲೆಮಾರುಗಳಿಂದ ನೆಕ್ಕಿ ನೆಕ್ಕಿ ಕಲ್ಲಿನ ನಡುವೆ ಗುಳಿ ಬಿದ್ದಿತ್ತು. ಹಟ್ಟಿಯಲ್ಲಿ ಕುರಿ ಕಳುವಾಗಿ ಜಗಳ ಬಂದರೆ ಆ ಕಲ್ಲಿನ ಮೇಲಿನ ಉಪ್ಪು ಮುಟ್ಟಿ ಆಣೆ ಮಾಡಿದವರ ಮಾತೇ ಕೊನೆ. ಆಮೇಲೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಸುಳ್ಳು ಆಣೆ ಮಾಡಿದವರ ಮನೆಯಲ್ಲಿ ಹಟ್ಟಿಯವರು ನೀರೂ ಕುಡಿಯುತ್ತಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಜನವರಿಯಲ್ಲಿ ಅಯೋಡಿನ್ ಕಥೆ ಹೇಳಿದೆ. ಕಡಲ ಪಾಚಿಯ ಬೂದಿಗೆ ಒಬ್ಬಾತ ಅಳತೆ ತಪ್ಪಿ ಆಮ್ಲ ಸುರಿದದ್ದು, ನೇರಳೆ ಬಣ್ಣದ ಹೊಗೆ ಎದ್ದದ್ದು. ನಮ್ಮ ಮೈಯಲ್ಲಿರುವ ಅಯೋಡಿನ್ ಎಲ್ಲ ಕೂಡಿಸಿದರೂ ಎರಡು ರಾಗಿಕಾಳಿನಷ್ಟು, ಅದೂ ಕಡಿಮೆಯಾದರೆ ಕುತ್ತಿಗೆಗೆ ಗಡ್ಡೆ ಬರುತ್ತದೆ, ಮಕ್ಕಳ ಬುದ್ಧಿ ಮಂಕಾಗುತ್ತದೆ. ಅದಕ್ಕೇ ಈಗ ಪ್ಯಾಕೆಟ್ ಉಪ್ಪಿಗೆ ಅದನ್ನು ಬೆರೆಸುತ್ತಾರೆ ಎಂದೆ. ಆರೋಗ್ಯ ಇಲಾಖೆಯಿಂದ ಶಾಲೆಗೆ ಬೆರಳುದ್ದದ ಬಾಟಲಿಗಳೂ ಬಂದಿದ್ದವು. ಉಪ್ಪಿನ ಮೇಲೆ ಒಂದು ಹನಿ ಹಾಕಿದರೆ ಅಯೋಡಿನ್ ಇದ್ದದ್ದು ನೀಲಿಯಾಗುತ್ತದೆ, ಇಲ್ಲದ್ದು ಬೆಳ್ಳಗೇ ಉಳಿಯುತ್ತದೆ.

"ಬರೋ ಗುರುವಾರ ಎಲ್ಲರೂ ಮನೆಯಿಂದ ಒಂದು ಚಮಚ ಉಪ್ಪು ತರಬೇಕು. ನಿಮ್ಮ ಅಪ್ಪ ಅಮ್ಮಂದಿರೂ ಬರಲಿ. ಹೊಳಲ್ಕೆರೆಯಿಂದ ಹೆಲ್ತ್ ಇನ್‌ಸ್ಪೆಕ್ಟರು ಬರ್ತಾರೆ. ಮೊದಲ ಹನಿ ನಮ್ಮನೆ ಉಪ್ಪಿಗೆ. ಅದು ನೀಲಿ ಆಗಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ತೀನಿ!" ನನ್ನ ಬಾಯಿಗೆ ಮಣ್ಣು ಹಾಕ.

ಗುರುವಾರ ಮಕ್ಕಳೆಲ್ಲ ಪೊಟ್ಟಣ ತಂದರು. ಈಯುವ ಕುರಿಯನ್ನು ಬಿಟ್ಟು ಬೊಮ್ಮಕ್ಕನಿಗೆ ಬರಲಾಗಿರಲಿಲ್ಲ. ಚೈತ್ರಾಳ ಪೊಟ್ಟಣಕ್ಕೆ ಕರಿ ಉಣ್ಣೆಯ ದಾರ ಸುತ್ತಿತ್ತು. ಕೈ ಚಾಚಿದರೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.

"ಉಪ್ಪನ್ನ ಕೈಯಿಂದ ಕೈಗೆ ಕೊಡಬಾರದಂತೆ ಸಾರ್. ಜಗಳ ಬರ್ತದಂತೆ. ಅಜ್ಜಿ ಹೇಳೈತೆ."

"ನಿಮ್ಮಜ್ಜಿ ಜೊತೆ ಜಗಳ ನನಗೆ ಬೇಡಮ್ಮ" ಎಂದು ನಕ್ಕೆ.

ಅಧಿಕಾರಿಗಳ ಮುಂದೆ ಪ್ರಯೋಗ ಕೆಡಬಾರದೆಂದು ಮೊದಲೇ ಒಮ್ಮೆ ಮಾಡಿ ನೋಡುವುದು ನನ್ನ ಅಭ್ಯಾಸ. ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಪ್ರತಿಯೊಂದರಿಂದ ಚಿಟಿಕೆ ಚಿಟಿಕೆ ತೆಗೆದೆ. ನನ್ನ ಉಪ್ಪಿಗೆ ಒಂದು ಹನಿ ಹಾಕಿದೆ. ಬೆಳ್ಳಗಿತ್ತು. ಇನ್ನೊಂದು ಹನಿ ಹಾಕಿದೆ. ಆಗಲೂ ಬೆಳ್ಳಗೇ ಇತ್ತು. ಬಾಟಲಿ ಕೆಟ್ಟಿದೆ ಅಂದುಕೊಂಡು ಪಕ್ಕದ ಪೊಟ್ಟಣಕ್ಕೆ ಹಾಕಿದೆ. ಕಡು ನೀಲಿಯಾಯಿತು. ಅದು ಉಣ್ಣೆ ದಾರದ ಪೊಟ್ಟಣ.

ಇನ್ನು ಅರ್ಧ ಗಂಟೆಗೆ ಇನ್‌ಸ್ಪೆಕ್ಟರು, ಹೆಡ್‌ಮಾಸ್ಟರು, ಅರ್ಧ ಊರು. ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಇದ್ದ ಹಾಗೇ ಬರೆಯುತ್ತೇನೆ. ಬೇರೆ ಯಾರ ಉಪ್ಪು ಬೆಳ್ಳಗಾದರೂ ಅವರು ಕೇಳುತ್ತಾರೆ, ಕುರಿಹಟ್ಟಿಯ ಮನೆಯ ಉಪ್ಪು ಬೆಳ್ಳಗೆ ಉಳಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಇದು ನನ್ನ ಯೋಚನೆ. ಹನ್ನೆರಡನೇ ಶತಮಾನದ ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಮೇಷ್ಟ್ರ ಯೋಚನೆ. ಥೂ! ಅವಳ ಉಪ್ಪನ್ನು ನನ್ನ ಕಾಗದಕ್ಕೆ ಸುರಿದೆ, ನನ್ನದನ್ನು ಅವಳದಕ್ಕೆ ಸುರಿದೆ, ಉಣ್ಣೆ ದಾರವನ್ನು ಮೊದಲಿದ್ದಂತೆಯೇ ಸುತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಒಬ್ಬೊಬ್ಬರ ಹೆಸರು ಬರೆದು ಚೌಕ ಎಳೆದ ಹಾಳೆಯ ಮೇಲೆ ಉಪ್ಪು ಸುರಿದು, ಎಲ್ಲರೆದುರು ಮೊದಲ ಹನಿ ಹಾಕಿದೆ. 'ಮೇಷ್ಟ್ರ ಮನೆ' ಎಂದು ಬರೆದ ಚೌಕ ನೀಲಿಯಾಯಿತು. ಚಪ್ಪಾಳೆ ಬಿತ್ತು. "ಮೀಸೆ ಉಳೀತು ಸಾರ್!" ಎಂದು ಯಾರೋ ಕೂಗಿದರು. ಮಿಕ್ಕವರದೂ ಬಹುಪಾಲು ನೀಲಿಯಾಯಿತು. ಚೈತ್ರಾಳ ಚೌಕ ಬೆಳ್ಳಗೇ ಉಳಿದಾಗ ಇನ್‌ಸ್ಪೆಕ್ಟರು, "ನೋಡಿ, ಇಂಥವರಿಗೇ ತಿಳುವಳಿಕೆ ಬೇಕಾಗಿರೋದು" ಅಂದರು. ಮಗು ಮೇಜಿನ ಹತ್ತಿರ ಬಂದು ಉಪ್ಪನ್ನು ಬಗ್ಗಿ ನೋಡಿತು.

"ಸಾರ್, ಇದು ನಮ್ದಲ್ಲ. ನಮ್ದು ಸಣ್ಣಕಿತ್ತು."

"ಹೆಸರು ಬರೆದಿರೋದು ಕಾಣಲ್ವೇನೆ? ಹೋಗಿ ಕೂತ್ಕೋ!" ಎಂದು ಗದರಿದೆ. ಹೋಗಿ ಕೂತುಕೊಂಡಳು.

ಮನೆಗೆ ಹೋಗಿ ಹೆಂಡತಿಯ ಮೇಲೆ ಕೂಗಾಡಿದೆ. ಅವಳು ತಣ್ಣಗೆ ಹೇಳಿದಳು: "ನಾನು ಯಾವತ್ತೂ ಗಾಡಿಲಿ ಮಾರೋ ಹರಳುಪ್ಪನ್ನೇ ಕುಟ್ಟಿ ಜಾಡಿಗೆ ತುಂಬೋದು. ಪ್ಯಾಕೆಟ್ ಉಪ್ಪು ಉಪ್ಪಿನಕಾಯಿಗೆ ಆಗಿಬರಲ್ಲ. ನೀವು ಯಾವತ್ತು ಅಡುಗೆಮನೆ ಕಡೆ ತಿರುಗಿ ನೋಡಿದೀರ?" ಸೂರ್ಯನಲ್ಲಿ ಏನಿದೆ ಎಂದು ಹೇಳುತ್ತಿದ್ದ ನನಗೆ ನಮ್ಮ ಜಾಡಿಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

ಮಾರನೇ ದಿನ ಗಂಟೆ ಬಾರಿಸುವ ಮೊದಲೇ ಬೊಮ್ಮಕ್ಕ ಬಂದಳು, ಜೊತೆಗೆ ಚೈತ್ರಾ. ಬೊಮ್ಮಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು.

"ಮೇಷ್ಟ್ರೆ, ನಿಮ್ ಅಯೋಡೀನು ಕೇಳಿದ್ ದಿನಾನೇ ಶಿವಕುಮಾರಪ್ಪನ ಅಂಗಡೀಲಿ ಪ್ಯಾಕೀಟು ತಂದೆ. ಕೂಸಿನ ಬುದ್ಧಿ ಚುರುಕಾಗ್ತದೆ ಅಂದ್ರಲ್ಲ. ನಾನೇ ಬಿಚ್ಚಿದ್ದು, ನಾನೇ ಪೊಟ್ಣ ಕಟ್ಟಿದ್ದು. ಅದು ಹೆಂಗೆ ಬೆಳ್ಳಗಾತು? ಇವಳು ನೋಡಿದ್ರೆ ಅದು ನಮ್ ಉಪ್ಪೇ ಅಲ್ಲ ಅಂತಾಳೆ."

ಆಗ ಹೇಳಿಬಿಡಬಹುದಿತ್ತು. ಮೂರೇ ಜನ ಇದ್ದೆವು. "ಹೆಸರು ಅವಳದೇ ಇತ್ತಲ್ಲ ಬೊಮ್ಮಕ್ಕ. ಮಕ್ಕಳು ಹಂಗೇ, ಅವಮಾನ ಆದಾಗ ಏನೋ ಒಂದು ಹೇಳ್ತಾರೆ. ಪ್ಯಾಕೆಟ್ಟೇ ಡೂಪ್ಲಿಕೇಟ್ ಇರಬೋದು" ಅಂದೆ. ಒಂದೇ ಉಸಿರಿನಲ್ಲಿ ಮಗುವನ್ನು ಸುಳ್ಳಿ ಮಾಡಿದೆ, ಅಂಗಡಿಯವನನ್ನು ಮೋಸಗಾರನನ್ನಾಗಿ ಮಾಡಿದೆ.

"ನೀವಂದ ಮ್ಯಾಲೆ ಮುಗೀತು" ಎಂದಳು ಬೊಮ್ಮಕ್ಕ. ಗೇಟಿನ ಹತ್ತಿರ ಅವಳ ಕೈ ಮೇಲೆದ್ದು ಚೈತ್ರಾಳ ಬೆನ್ನಿಗೆ ಬಿದ್ದದ್ದು ನನಗೆ ಕಾಣಿಸಿತು. "ಮೇಷ್ಟ್ರು ಸುಳ್ಳು ಹೇಳ್ತಾರೇನೇ? ಹೇಳ್ತಾರೇನೇ?" ಎಂದು ಕೇಳಿಕೇಳಿ ಹೊಡೆದಳು. ನಾನು ಹಾಜರಿ ಪುಸ್ತಕ ತೆಗೆದೆ.

ಬೊಮ್ಮಕ್ಕನ ಬಾಯಿ ನಿಮಗೆ ಗೊತ್ತಲ್ಲ. ಅಂಗಡಿಯ ಮುಂದೆ ನಿಂತು ಶಿವಕುಮಾರಪ್ಪನ ಏಳು ತಲೆಮಾರು ಎತ್ತಿದಳಂತೆ. ಆತ ತೂಕದಲ್ಲಿ ಒಂದು ಕಾಳು ತಪ್ಪದ ಮನುಷ್ಯ, ಮೂಗಿನ ತುದಿಯಲ್ಲಿ ಸಿಟ್ಟು. ಮಧ್ಯಾಹ್ನ ಒಡೆಯದ ಪ್ಯಾಕೆಟ್ಟೊಂದು ಹಿಡಿದು, ಹತ್ತಿಪ್ಪತ್ತು ಜನರನ್ನು ಹಿಂದಿಟ್ಟುಕೊಂಡು ಶಾಲೆಗೇ ಬಂದ. ಬೊಮ್ಮಕ್ಕನೂ ಬಂದಳು.

"ನೀವೇ ಹನಿ ಹಾಕಿ ಹೇಳ್ರಿ ಸಾರ್. ಅವಳು ತಗಂಡಿದ್ದೂ ಇದೇ ಮೂಟೆದು."

ಹಾಕಿದೆ. ನೀಲಿಯಾಯಿತು.

"ಕಂಡ್ರೇನ್ರಪ್ಪಾ? ಕುರಿ ನೆಕ್ಕೋ ಉಪ್ಪು ತಂದು ನನ್ ಅಂಗಡಿ ಹೆಸರು ಕೆಡಿಸ್ತಾಳೆ ಇವಳು!" ಎಂದ ಶಿವಕುಮಾರಪ್ಪ ನನ್ನ ಮುಖ ನೋಡಿದ. ನಾನು ಇಲ್ಲ ಅನ್ನಲಿಲ್ಲ. ಜನ ನಕ್ಕರು.

ಬೊಮ್ಮಕ್ಕ ಮುಂದೆ ಬಂದು ಆ ಪ್ಯಾಕೆಟ್ಟಿನಿಂದಲೇ ಒಂದು ಹಿಡಿ ಉಪ್ಪು ತೆಗೆದು ಮೇಜಿನ ಮೇಲೆ ಸುರಿದಳು. ಅದರ ಮೇಲೆ ಅಂಗೈ ಇಟ್ಟಳು. "ಉಪ್ಪು ಮುಟ್ಟಿ ಹೇಳ್ತೀನಿ. ನಾನು ಕಳಿಸಿದ್ದು ಇವನ ಅಂಗಡಿ ಉಪ್ಪೇ." ಹಿಂದಿನಿಂದ ಯಾರೋ, "ಸುಳ್ಳು ಆಣೆ ಬ್ಯಾರೆ ಕೇಡು" ಅಂದರು. ಬಂದವರಲ್ಲಿ ಹಟ್ಟಿಯವರೂ ಇದ್ದರು. ಅವರು ತಲೆ ತಗ್ಗಿಸಿದರು. ಬೊಮ್ಮಕ್ಕ ನನ್ನ ಕಡೆ ತಿರುಗಿದಳು.

"ಮೇಷ್ಟ್ರೆ, ನೀವಾದ್ರೂ ಒಂದ್ ಮಾತು ಹೇಳ್ರಿ."

ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. "ಹೋಗ್ಲಿ ಬಿಡ್ರಪ್ಪ, ದೊಡ್ಡದು ಮಾಡಬೇಡಿ" ಅಂದೆ. ಮೇಷ್ಟ್ರು ದೊಡ್ಡ ಮನುಷ್ಯರು, ಕ್ಷಮಿಸಿಬಿಟ್ಟರು ಎಂದು ಜನ ಮಾತಾಡಿಕೊಂಡು ಹೋದರು.

ಅವಳು ಮತ್ತೆ ಕಿಟಕಿಯ ಕೆಳಗೆ ಕೂರಲಿಲ್ಲ. ಶಿವಕುಮಾರಪ್ಪನ ಅಂಗಡಿಗೂ ಹೋಗಲಿಲ್ಲ. ಬೆಂಕಿಪೊಟ್ಟಣ ಬೇಕಾದರೂ ತಾಳ್ಯಕ್ಕೆ ಮೂರು ಮೈಲಿ ನಡೆದು ಹೋಗುತ್ತಿದ್ದಳು. ಹಟ್ಟಿಯಲ್ಲಿ ಅವಳ ಮನೆಯಲ್ಲಿ ನೀರು ಕುಡಿಯುವುದನ್ನು ಕೆಲವರು ಬಿಟ್ಟರಂತೆ. ಮಂದೆ ಬಿಟ್ಟು ಊರಿಗೆ ಬಂದ ತಿಮ್ಮರಾಯಪ್ಪನೂ ಮಾತು ಕಡಿಮೆ ಮಾಡಿದನಂತೆ. ಚೈತ್ರಾ ನನ್ನ ತರಗತಿಯಲ್ಲಿ ಆಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಎರಡು ವರ್ಷ ಹೀಗೇ ಕಳೆದು, ವರ್ಗ ಮಾಡಿಸಿಕೊಂಡು ಹೊಸದುರ್ಗಕ್ಕೆ ಬಂದೆ. ಮಕ್ಕಳ ಓದಿಗೆ ಅನುಕೂಲ ಎಂದು ಎಲ್ಲರಿಗೂ ಹೇಳಿದೆ.

ಮೊನ್ನೆ ಹೋದಾಗ ಬೊಮ್ಮಕ್ಕ ಹಟ್ಟಿಯ ಹಿಂದೆ ಅದೇ ಕಲ್ಲುಗಳ ಹತ್ತಿರ ಇದ್ದಳು. ಬೆನ್ನು ಬಾಗಿದೆ. ತಿಮ್ಮರಾಯಪ್ಪ ತೀರಿಕೊಂಡು ಮೂರು ವರ್ಷವಾಯಿತಂತೆ. ನನ್ನನ್ನು ನೋಡಿ, "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಸ್ಟಾಫ್ ರೂಮು, ಎರಡು ಹನಿ, ಉಣ್ಣೆ ದಾರ, ಕುರಿಹಟ್ಟಿ ಎಂದುಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತಾ ಅತ್ತೆ. ಅವಳು ಕಾಲು ಹಿಡಿಯಲು ಬಿಡಲಿಲ್ಲ, ಹಿಂದಕ್ಕೆ ಸರಿದಳು.

ನನ್ನ ಮುಖ ನೋಡಿ, "ಹಂಗಾದ್ರೆ ಮೀಸೆ ತೆಗೀಬೇಕಿತ್ತಲ್ಲ" ಅಂದಳು. ಆಮೇಲೆ ಅಂದಳು: "ನಂಗ್ಯಾಕೆ ಹೇಳ್ತೀರಿ ಮೇಷ್ಟ್ರೆ? ನಾನು ಸುಳ್ಳು ಹೇಳಿಲ್ಲ ಅಂತ ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಹೇಳ್ರಿ."

"ಹೇಳ್ತೀನಿ ಬೊಮ್ಮಕ್ಕ."

"ನಿಮ್ ಮಾತು ಕೇಳಿ ಆ ಕೂಸಿಗೆ ಹೊಡ್ದೆ ಕಣ್ರಿ!" ಎಂದು ಕೂಗಿದಳು. ಅಲ್ಲಿಯವರೆಗೆ ತಡೆದಿದ್ದ ಸಿಟ್ಟೆಲ್ಲ ಆಗ ಬಂತು. "ನಿಜ ಹೇಳಿದ್ ಕೂಸಿಗೆ ಹೊಡ್ದೆ. ನೀವು ದೇವರಂಗೆ ಕಂಡಿದ್ರಿ ನಂಗೆ. ನಡೀರಿ, ಹೋಗಾಣ."

ಕೋಲು ಊರಿಕೊಂಡು ಮುಂದೆ ಅವಳು, ಹಿಂದೆ ನಾನು. ಒಂಬತ್ತು ವರ್ಷ ಕಾಲಿಡದ ಅಂಗಡಿಯ ಮುಂದೆ ನಿಂತಳು. ಹಲಗೆಯ ಹಿಂದೆ ಶಿವಕುಮಾರಪ್ಪನೇ ಇದ್ದ, ಕಟ್ಟೆಯ ಮೇಲೆ ಐದಾರು ಜನ ಬೀಡಿ ಸೇದುತ್ತಿದ್ದರು. ಹೇಳಿದೆ. ನಡುವೆ ದನಿ ತಗ್ಗಿಸಿದಾಗ ಬೊಮ್ಮಕ್ಕ ಕೋಲಿನಿಂದ ನೆಲ ಕುಟ್ಟಿ, "ಜೋರಾಗಿ ಹೇಳ್ರಿ, ಆ ಮೂಲೇನೋರಿಗೆ ಕೇಳಲ್ಲ" ಅಂದಳು. ಮತ್ತೆ ಮೊದಲಿಂದ ಹೇಳಿದೆ.

ಕಟ್ಟೆಯ ಮೇಲಿದ್ದ ಒಬ್ಬ, "ಅಯ್ಯೋ ಯಾವ ಕಾಲದ್ದು ಬಿಡ್ರಿ ಸಾರ್, ಯಾರಿಗೆ ನೆನಪೈತೆ?" ಎಂದು ನಕ್ಕ. ಶಿವಕುಮಾರಪ್ಪ ನಗಲಿಲ್ಲ. ಅವನಿಗೆ ಎಲ್ಲ ನೆನಪಿತ್ತು.

"ಸಾರ್, ಅವತ್ತು ಆ ಮಾತು ಅನ್ನೋ ಮುಂಚೆ ನಾನು ನಿಮ್ ಮುಖ ನೋಡಿದ್ದೆ" ಅಂದ. "ನೀವು ಇಲ್ಲ ಅಂದಿದ್ರೆ ಅಂತಿರಲಿಲ್ಲ." ಆಮೇಲೆ ಬೊಮ್ಮಕ್ಕನ ಕಡೆ ಕೈ ಜೋಡಿಸಿದ. ಅವಳು ಅದನ್ನು ನೋಡಿದಳು. ಅಂಗಡಿಯ ಕಂಬಕ್ಕೆ ಸಿಕ್ಕಿಸಿದ್ದ ಒಂದು ರೂಪಾಯಿಯ ಫೋನ್ ಡಬ್ಬಿ ತೋರಿಸಿ, "ಬಾಗೂರಿಗೆ ಹಚ್ಚು. ಚೈತ್ರಾಗೂ ಹೇಳ್ಲಿ" ಅಂದಳು.

ಚೈತ್ರಾ ಈಗ ಬಾಗೂರಿನ ಸೊಸೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ವಿಜ್ಞಾನದಲ್ಲಿ ಮೂವತ್ತೈದು. ನಾನು ಯಾರೆಂದು ಹೇಳಿ, ಮಾಡಿದ್ದನ್ನು ಮೂರನೇ ಸಲ ಹೇಳಿದೆ. ಆ ಕಡೆಯಿಂದ ಮೆಲ್ಲನೆ ದನಿ ಬಂತು.

"ನಾನು ಅವತ್ತೇ ಹೇಳಿದ್ನಲ್ಲ ಸಾರ್."

ಹೌದಮ್ಮ, ನೀನು ಹೇಳಿದ್ದೆ. ಅದನ್ನೂ ನನ್ನಿಂದ ಬಾಯಿಬಿಟ್ಟು ಹೇಳಲಾಗಲಿಲ್ಲ. "ಅಜ್ಜಿಗೆ ಕೊಡ್ರಿ" ಅಂದಳು. ಬೊಮ್ಮಕ್ಕ ರಿಸೀವರನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ಹೂಂ ಕಣವ್ವ... ಹೂಂ... ಹೊಡ್ದೆ. ತಪ್ಪಾತು ಕೂಸೆ, ನಂದು ತಪ್ಪಾತು" ಅಂದಳು. ತಪ್ಪಾಯಿತು ಎಂಬ ಮಾತನ್ನು ಅವತ್ತು ಅಲ್ಲಿ ಅಷ್ಟು ಸಲೀಸಾಗಿ ಹೇಳಿದವಳು ಅವಳೊಬ್ಬಳೇ.

ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹಲಗೆಯ ಹತ್ತಿರ ಹೋದಳು. "ಉಪ್ಪು ಕೊಡು ಶಿವಕುಮಾರಪ್ಪ. ಪ್ಯಾಕೀಟಿಂದು. ಮೇಷ್ಟ್ರಿಗೂ ಒಂದು ಕೊಡು, ಅವರ ಮನೇಲಿ ಇಲ್ವಂತೆ."

ಕಟ್ಟೆಯ ಮೇಲಿದ್ದವರು ಯಾರೂ ನಗಲಿಲ್ಲ. ಶಿವಕುಮಾರಪ್ಪ ಎರಡು ಪ್ಯಾಕೆಟ್ ತೆಗೆದು ಹಲಗೆಯ ಮೇಲಿಟ್ಟ. ಬೊಮ್ಮಕ್ಕ ಒಂದನ್ನು ಮಡಿಲಿಗೆ ಹಾಕಿಕೊಂಡಳು. ಇನ್ನೊಂದನ್ನು ಎತ್ತಿ, ನನ್ನ ಬಲಗೈ ಎಳೆದು, ಅಂಗೈ ಮೇಲೆ ಇಟ್ಟಳು.

"ಕೈಯಿಂದ ಕೈಗೆ ಕೊಡಬಾರದು ಅಂತಿದ್ಯಲ್ಲ ಬೊಮ್ಮಕ್ಕ. ಜಗಳ ಬರ್ತದೆ ಅಂತ" ಅಂದೆ.

"ಬರ್ಲಿ" ಅಂದಳು. "ನಾವಿನ್ನೂ ಜಗಳನೇ ಆಡಿಲ್ಲ."

ಕೋಲು ಊರಿಕೊಂಡು ಹಟ್ಟಿಯ ದಾರಿ ಹಿಡಿದಳು. ನಾನು ಉಪ್ಪು ಹಿಡಿದುಕೊಂಡು ಬಸ್ಸಿಗೆ ನಿಂತೆ. ಮೀಸೆ ಈಗಿಲ್ಲ. ಸಂಚಿಕೆಗೆ ನನ್ನ ಹಳೆಯ ಫೋಟೋ ಹಾಕಬೇಡಿ.